ನಾಲ್ಕೇ ಅಕ್ಷರ, ಏಳು ಉಚ್ಚಾರ: ಇಂಗ್ಲಿಷಿನ 'ಓ ಯು ಜಿ ಎಚ್' ಪದಗಳ ಅರ್ಥ ತಿಳಿಯಿರಿ

ಕನ್ನಡದಲ್ಲಿ ಬರೆದದ್ದನ್ನು ಬರೆದಂತೆ ಓದಿದರೆ ಸಾಕು. ಇಂಗ್ಲಿಷಿನಲ್ಲಿ ಆ ಭರವಸೆ ಇಲ್ಲ. ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದಗಳೇ ಇದಕ್ಕೆ ಸಾಕ್ಷಿ. ಈ ಗುಂಪಿಗೆ ಕನಿಷ್ಠ ಏಳು ಬಗೆಯ ಉಚ್ಚಾರಗಳಿವೆ. ಕಚೇರಿಯ ಇಮೇಲ್‌ನಲ್ಲಿ ಒಂದರ ಬದಲು ಇನ್ನೊಂದು ಪದ ಬಿದ್ದರೆ ಸ್ಪೆಲ್ ಚೆಕ್ ಕೂಡ ಹಲವು ಬಾರಿ ಎಚ್ಚರಿಸುವುದಿಲ್ಲ. ಏಕೆಂದರೆ ಎರಡೂ ಸರಿಯಾದ ಪದಗಳೇ!

ಪದಗಳನ್ನು ಉಚ್ಚಾರದ ಪ್ರಕಾರ ವಿಂಗಡಿಸಿ ಕೆಳಗೆ ನೀಡಲಾಗಿದೆ.

1. 'ಅಫ್' ಎಂದು ಕೇಳುವವು
ರಫ್: ಒರಟು, ಅಂದಾಜಿನ.
ಟಫ್: ಕಠಿಣ, ಗಟ್ಟಿಮುಟ್ಟಾದ.
ಇನಫ್: ಸಾಕಷ್ಟು.

2. 'ಆಫ್' ಎಂದು ಕೇಳುವವು
ಕಾಫ್: ಕೆಮ್ಮು.
ಟ್ರಾಫ್: ದನಗಳಿಗೆ ಮೇವು, ನೀರು ಇಡುವ ಉದ್ದನೆಯ ತೊಟ್ಟಿ. ಹವಾಮಾನ ವರದಿಯಲ್ಲಿ ಇದರ ಅರ್ಥ ಕಡಿಮೆ ವಾಯು ಒತ್ತಡದ ಉದ್ದನೆಯ ಪಟ್ಟಿ. ಮುಂಗಾರಿನ ದಿನಗಳಲ್ಲಿ ಈ ಪದ ಸುದ್ದಿಯಲ್ಲಿ ಆಗಾಗ ಕೇಳಿಬರುತ್ತದೆ.

3. 'ಓ' ಎಂದು ಕೇಳುವವು
ದೋ: ಆದರೂ, ಹಾಗಿದ್ದರೂ.
ಡೋ: ನಾದಿದ ಹಿಟ್ಟು. ಚಪಾತಿ, ಬ್ರೆಡ್ ಎರಡರ ಹಿಟ್ಟಿಗೂ ಇದೇ ಪದ.

4. 'ಔ' ಎಂದು ಕೇಳುವವು
ಪ್ಲೌ: ನೇಗಿಲು, ಉಳುವುದು. ಅಮೆರಿಕದಲ್ಲಿ ಇದನ್ನು ಓ, ಡಬ್ಲ್ಯು ಹಾಕಿ ಬರೆಯುತ್ತಾರೆ.
ಬೌ: ಮರದ ದೊಡ್ಡ ಕೊಂಬೆ.
ಡ್ರೌಟ್: ಬರಗಾಲ, ಅನಾವೃಷ್ಟಿ.

5. 'ಊ' ಎಂದು ಕೇಳುವುದು
ಥ್ರೂ: ಮೂಲಕ, ಒಳಗಿಂದ ಹಾಯ್ದು.

6. 'ಆಟ್' ಎಂದು ಕೇಳುವವು
ಈ ಗುಂಪಿನಲ್ಲಿ ನಾಲ್ಕು ಅಕ್ಷರಗಳ ನಂತರ 'ಟಿ' ಬರುತ್ತದೆ. ಹಾಗೆ ಬಂದಾಗ ಉಚ್ಚಾರ ಬಹುತೇಕ ಇದೇ. ಮುಖ್ಯ ಅಪವಾದ ಮೇಲೆ ಹೇಳಿದ ಡ್ರೌಟ್.
ಥಾಟ್: ಯೋಚನೆ, ಯೋಚಿಸಿದ.
ಬಾಟ್: ಕೊಂಡುಕೊಂಡ.
ಬ್ರಾಟ್: ತಂದ.
ಫಾಟ್: ಹೋರಾಡಿದ.
ಸಾಟ್: ಹುಡುಕಿದ, ಕೋರಿದ.

7. ಕೊನೆಯಲ್ಲಿ 'ಅ' ಎಂದು ತೇಲಿಹೋಗುವುದು
ಥರ: ಕೂಲಂಕಷ, ಪೂರ್ತಿಯಾದ. ಇದು ಬ್ರಿಟಿಷ್ ಉಚ್ಚಾರ. ಅಮೆರಿಕದಲ್ಲಿ 'ಥರೋ' ಎನ್ನುತ್ತಾರೆ.

ಹೆಚ್ಚು ಗೊಂದಲ ಎಲ್ಲಿ?

ದೋ, ಥ್ರೂ, ಥರೋ ಈ ಮೂರೂ ಟಿ, ಎಚ್‌ನಿಂದಲೇ ಆರಂಭವಾಗುತ್ತವೆ. ನಾಲ್ಕು ಅಕ್ಷರಗಳ ಹಿಂದೆ 'ಆರ್' ಸೇರಿದರೆ 'ದೋ' ಹೋಗಿ 'ಥ್ರೂ' ಆಗುತ್ತದೆ. 'ಆರ್' ಜೊತೆಗೆ ಅದರ ಹಿಂದೆ ಇನ್ನೊಂದು 'ಓ' ಕೂಡ ಸೇರಿದರೆ 'ಥರೋ'. ಕಡತವನ್ನು ಓದಿ ಮುಗಿಸಿದೆ ಎನ್ನುವಲ್ಲಿ ಬೇಕಾದದ್ದು ಥ್ರೂ. ಕೂಲಂಕಷವಾಗಿ ಪರಿಶೀಲಿಸಿದೆ ಎನ್ನುವಲ್ಲಿ ಬೇಕಾದದ್ದು ಥರೋ, ಅದೂ ಕೊನೆಗೆ ಎಲ್, ವೈ ಸೇರಿಸಿ.

ಬಾಟ್, ಬ್ರಾಟ್ ಜೋಡಿಯೂ ಹಾಗೆಯೇ. ತರುವುದು ಎಂಬ ಅರ್ಥದ 'ಬ್ರಿಂಗ್'ನಲ್ಲಿ 'ಆರ್' ಇದೆ, 'ಬ್ರಾಟ್'ನಲ್ಲೂ ಇದೆ. ಕೊಳ್ಳುವುದು ಎಂಬ ಅರ್ಥದ 'ಬೈ'ನಲ್ಲಿ ಇಲ್ಲ, 'ಬಾಟ್'ನಲ್ಲೂ ಇಲ್ಲ. ಇದಿಷ್ಟು ನೆನಪಿದ್ದರೆ ತಪ್ಪುವುದಿಲ್ಲ. ಇನ್ನು 'ಕಲಿಸಿದ' ಎಂಬ ಅರ್ಥದ 'ಟಾಟ್' ಈ ಗುಂಪಿಗೆ ಸೇರಿದ್ದೇ ಅಲ್ಲ. ಅದರಲ್ಲಿ 'ಓ' ಬದಲು 'ಎ' ಇದೆ.

ಒಂದೇ ಸ್ಪೆಲಿಂಗ್‌ಗೆ ಎರಡು ಉಚ್ಚಾರವಿರುವ ಪದವೂ ಉಂಟು. ಎಸ್, ಎಲ್ ಮುಂದೆ ಈ ನಾಲ್ಕು ಅಕ್ಷರ ಬಂದಾಗ 'ಸ್ಲಫ್' ಎಂದರೆ ಹಾವು ಪೊರೆ ಬಿಡುವುದು, 'ಸ್ಲೌ' ಎಂದರೆ ಕೆಸರು ಗುಂಡಿ. ಲಂಡನ್ನಿನ ಪಶ್ಚಿಮಕ್ಕಿರುವ ಒಂದು ಊರಿನ ಹೆಸರೂ ಸ್ಲೌ.

ಹೀಗಾಗಲು ಕಾರಣವೇನು?

ಒಂದು ಕಾಲದಲ್ಲಿ 'ಜಿ ಎಚ್' ಮೌನವಾಗಿರಲಿಲ್ಲ. ಗಂಟಲಿನಿಂದ ಹೊರಡುವ, 'ಖ್' ಹೋಲುವ ಧ್ವನಿ ಅದಕ್ಕಿತ್ತು. ಮಗಳು ಎಂಬ ಅರ್ಥದ 'ಡಾಟರ್' ಪದದಲ್ಲಿ ಈಗ ಅದು ಕೇಳುವುದಿಲ್ಲ, ಆದರೆ ಜರ್ಮನ್ ಭಾಷೆಯ 'ಟೋಖ್ಟರ್'ನಲ್ಲಿ ಇಂದಿಗೂ ಕೇಳುತ್ತದೆ. ಸಂಸ್ಕೃತದ 'ದುಹಿತೃ' ಕೂಡ ಇವುಗಳ ಬಂಧುವೇ.

ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ಆರಂಭಿಸಿದ ನಂತರ ಇಂಗ್ಲಿಷಿನ ಸ್ಪೆಲಿಂಗ್ ನಿಧಾನವಾಗಿ ಸ್ಥಿರವಾಗತೊಡಗಿತು. ಜನರ ನಾಲಿಗೆ ಮಾತ್ರ ಬದಲಾಗುತ್ತಲೇ ಇತ್ತು. ಆ ಗಂಟಲ ಧ್ವನಿ ಕೆಲವು ಪದಗಳಲ್ಲಿ ಮಾಯವಾಯಿತು, ಕೆಲವದರಲ್ಲಿ 'ಫ್' ಆಯಿತು. ಸ್ವರಗಳೂ ಒಂದೊಂದು ಪದದಲ್ಲಿ ಒಂದೊಂದು ದಾರಿ ಹಿಡಿದವು. ಕಾಗದದ ಮೇಲಿನ ಅಕ್ಷರ ಹಾಗೆಯೇ ಉಳಿಯಿತು.

ಆದ್ದರಿಂದ ಈ ಪದಗಳನ್ನು ಓದಲು ತಡವರಿಸುವುದು ಕಲಿಯುವವರ ದಡ್ಡತನವಲ್ಲ, ಅದು ಆ ಭಾಷೆಯ ಚರಿತ್ರೆಯ ಫಲ. ಎಲ್ಲ ಪದಗಳಿಗೂ ಅನ್ವಯಿಸುವ ಒಂದೇ ನಿಯಮ ಇಲ್ಲಿಲ್ಲ. ಮಕ್ಕಳಿಗೆ ಹೇಳಿಕೊಡುವಾಗ ಸ್ಪೆಲಿಂಗ್ ಪಟ್ಟಿ ಬಾಯಿಪಾಠ ಮಾಡಿಸುವುದಕ್ಕಿಂತ, ಒಂದೇ ಉಚ್ಚಾರದ ಪದಗಳನ್ನು ಒಟ್ಟಿಗೆ ಇಟ್ಟು, ಪ್ರತಿಯೊಂದಕ್ಕೂ ಒಂದು ಪುಟ್ಟ ವಾಕ್ಯ ಮಾಡಿಸಿದರೆ ಅರ್ಥವೂ ಉಚ್ಚಾರವೂ ಜೊತೆಯಾಗಿ ನೆನಪಿನಲ್ಲಿ ಉಳಿಯುತ್ತವೆ.