ಎವೆಯಿಕ್ಕುವಷ್ಟರ ಅಳತೆ

ಲಂಡನ್ ಬಳಿಯ ಗ್ರೀನಿಚ್ ವೀಕ್ಷಣಾಲಯದಲ್ಲಿ 1796ರ ಆರಂಭದಲ್ಲಿ ಸಹಾಯಕನೊಬ್ಬ ಕೆಲಸ ಕಳೆದುಕೊಂಡ. ಹೆಸರು ಡೇವಿಡ್ ಕಿನ್ನೆಬ್ರುಕ್. ಆತ ಕದ್ದಿರಲಿಲ್ಲ, ಸುಳ್ಳು ಹೇಳಿರಲಿಲ್ಲ, ಮೈಗಳ್ಳನೂ ಆಗಿರಲಿಲ್ಲ. ನಕ್ಷತ್ರವೊಂದು ದೂರದರ್ಶಕದೊಳಗಿನ ಎಳೆಯನ್ನು ದಾಟುವ ಸಮಯವನ್ನು ತನ್ನ ಯಜಮಾನ ಬರೆದುಕೊಳ್ಳುವುದಕ್ಕಿಂತ ಸೆಕೆಂಡಿನ ಹತ್ತರಲ್ಲಿ ಎಂಟು ಭಾಗದಷ್ಟು ತಡವಾಗಿ ಬರೆದುಕೊಳ್ಳುತ್ತಿದ್ದ. ಅಪರಾಧ ಅಷ್ಟೇ.

ಯಜಮಾನ ಬ್ರಿಟನ್ನಿನ ರಾಜಖಗೋಳಜ್ಞ ನೆವಿಲ್ ಮ್ಯಾಸ್ಕೆಲಿನ್. ಆಗ ರೂಢಿಯಲ್ಲಿದ್ದದ್ದು 'ಕಣ್ಣು-ಕಿವಿ' ಪದ್ಧತಿ. ವೀಕ್ಷಕ ಮೊದಲು ಗಡಿಯಾರ ನೋಡಿ ಸೆಕೆಂಡು ಗುರುತಿಸಿಕೊಳ್ಳಬೇಕು. ಬಳಿಕ ದೂರದರ್ಶಕಕ್ಕೆ ಕಣ್ಣಿಟ್ಟು, ಲೋಲಕದ ಟಿಕ್ ಟಿಕ್ ಸದ್ದನ್ನು ಮನಸ್ಸಿನಲ್ಲೇ ಎಣಿಸುತ್ತ ಹೋಗಬೇಕು. ಎಳೆಯನ್ನು ಮುಟ್ಟುವ ಮೊದಲಿನ ಸದ್ದಿಗೆ ನಕ್ಷತ್ರ ಎಲ್ಲಿತ್ತು, ದಾಟಿದ ನಂತರದ ಸದ್ದಿಗೆ ಎಲ್ಲಿತ್ತು ಎಂಬುದನ್ನು ನೆನಪಿಟ್ಟು, ನಡುವಿನ ಹತ್ತನೇ ಭಾಗಗಳನ್ನು ಅಂದಾಜು ಮಾಡಬೇಕು. 1794ರಲ್ಲಿ ಇಬ್ಬರ ಲೆಕ್ಕವೂ ತಾಳೆಯಾಗುತ್ತಿತ್ತು. 1795ರ ಆಗಸ್ಟ್ ಹೊತ್ತಿಗೆ ಅರ್ಧ ಸೆಕೆಂಡಿನ ಅಂತರ ಕಾಣಿಸಿಕೊಂಡಿತು. ಎಚ್ಚರಿಸಿದರೂ ಅದು ತಗ್ಗಲಿಲ್ಲ, ಬೆಳೆಯಿತು.

ಸೆಕೆಂಡಿನ ಹತ್ತರಲ್ಲಿ ಎಂಟು ಭಾಗ ಯಾವ ಲೆಕ್ಕ ಎನ್ನಬಹುದು. ಆದರೆ ಅಷ್ಟರಲ್ಲಿ ಭೂಮಿ ಸಮಭಾಜಕ ವೃತ್ತದಲ್ಲಿ ಸುಮಾರು 370 ಮೀಟರ್ ತಿರುಗಿರುತ್ತದೆ. ನಕ್ಷತ್ರಗಳ ಸಮಯವನ್ನು ನಂಬಿ ಗಡಿಯಾರ ಸರಿಪಡಿಸುತ್ತಿದ್ದ, ಗಡಿಯಾರವನ್ನು ನಂಬಿ ರೇಖಾಂಶ ಎಣಿಸುತ್ತಿದ್ದ ಕಾಲವದು. ಬೇರೆಲ್ಲ ವಿಷಯಗಳಲ್ಲಿ ಶ್ರದ್ಧೆಯ, ಉಪಯುಕ್ತ ಸಹಾಯಕನನ್ನು ಮನಸ್ಸಿಲ್ಲದ ಮನಸ್ಸಿನಿಂದ ಬಿಡಬೇಕಾಯಿತೆಂದು ಮ್ಯಾಸ್ಕೆಲಿನ್ ತನ್ನ ವೀಕ್ಷಣಾ ವರದಿಯಲ್ಲಿ ಬರೆದಿಟ್ಟ. ತಪ್ಪು ತನ್ನ ಕಡೆಯೂ ಇರಬಹುದೇ ಎಂಬ ಸಂಶಯ ಆತನಿಗೆ ಬಂದಂತಿಲ್ಲ. ಯಜಮಾನರಿಗೆ ಅಂಥ ಸಂಶಯ ಬರುವುದು ಅಪರೂಪ.

ಆ ಸಂಶಯ ಬಂದದ್ದು ಸುಮಾರು ಕಾಲು ಶತಮಾನದ ನಂತರ, ಪ್ರಷ್ಯಾದ ಕ್ಯೋನಿಗ್ಸ್‌ಬರ್ಗ್ ನಗರದ ಖಗೋಳಜ್ಞ ಬೆಸೆಲ್‌ಗೆ. ಗ್ರೀನಿಚ್‌ನ ಪ್ರಸಂಗವನ್ನು ಓದಿದ ಆತ, ಪಳಗಿದ ವೀಕ್ಷಕರಲ್ಲಿ ಇಷ್ಟು ಅಂತರ ಹೇಗೆ ಸಾಧ್ಯ ಎಂದು ಪರೀಕ್ಷಿಸಲು ಹೊರಟ. 1820ರಲ್ಲಿ ವಾಲ್ಬೆಕ್ ಎಂಬ ಖಗೋಳಜ್ಞನ ಜೊತೆ ಕುಳಿತು ಅವೇ ನಕ್ಷತ್ರಗಳನ್ನು ನೋಡಿದ. ಇಬ್ಬರ ನಡುವೆ ಒಂದು ಸೆಕೆಂಡಿಗೂ ಮಿಕ್ಕ ವ್ಯತ್ಯಾಸ! 1823ರಲ್ಲಿ ಆರ್ಗೆಲಾಂಡರ್ ಜೊತೆ ನೋಡಿದಾಗ ಅದು 1.2 ಸೆಕೆಂಡು ದಾಟಿತು. ಕಿನ್ನೆಬ್ರುಕ್‌ನ 'ತಪ್ಪಿ'ಗಿಂತಲೂ ಇದು ದೊಡ್ಡದು. ಇವರಲ್ಲಿ ಯಾರನ್ನು ಕೆಲಸದಿಂದ ತೆಗೆಯುವುದು? ಪ್ರತಿ ವೀಕ್ಷಕನಿಗೂ ಅವನದೇ ಆದ ಅಂತರವಿದೆ, ಅದನ್ನು ಅಳೆದು ಲೆಕ್ಕದಲ್ಲಿ ಕಳೆಯಬೇಕು ಎಂಬ ತೀರ್ಮಾನಕ್ಕೆ ಖಗೋಳಜ್ಞರು ಬಂದರು. ಇದಕ್ಕೆ 'ವೈಯಕ್ತಿಕ ಸಮೀಕರಣ' ಎಂಬ ಹೆಸರು ಬಿತ್ತು.

ಕಿನ್ನೆಬ್ರುಕ್‌ನದು ಬರೀ ನಿಧಾನ ಕೈಯ ಸಮಸ್ಯೆ ಆಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಣ್ಣು ಒಂದು ಕಡೆ, ಕಿವಿ ಇನ್ನೊಂದು ಕಡೆ ಇದ್ದಾಗ ಮನಸ್ಸು ಯಾವುದನ್ನು ಮೊದಲು ಗಮನಿಸುತ್ತದೆ ಎಂಬ ತೊಡಕೂ ಅದರಲ್ಲಿ ಸೇರಿತ್ತು. ಈ ಎರಡನ್ನೂ ಬಿಡಿಸಿ ಅಳೆಯಲು ಉಪಕರಣ ಬೇಕಿತ್ತು, ಅಳೆಯಬಹುದು ಎಂಬ ನಂಬಿಕೆಯೂ ಬೇಕಿತ್ತು. ನರದಲ್ಲಿ ಸಂದೇಶ ಹರಿಯುವ ವೇಗ ಮನುಷ್ಯನ ಅಳತೆಗೆ ಸಿಗದಷ್ಟು ಹೆಚ್ಚು ಎಂದೇ ದೊಡ್ಡ ದೊಡ್ಡ ಶರೀರಶಾಸ್ತ್ರಜ್ಞರು ತಿಳಿದಿದ್ದರು. 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದ ಮೇಲೆ ಪ್ರಯೋಗ ಮಾಡಿ, ಅದು ಸೆಕೆಂಡಿಗೆ ಸುಮಾರು 30 ಮೀಟರ್ ಮಾತ್ರ ಎಂದು ತೋರಿಸಿದ. ಶಬ್ದದ ವೇಗದ ಹತ್ತನೆಯ ಒಂದು ಪಾಲೂ ಅಲ್ಲ.

1861ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ವೀಕ್ಷಣಾಲಯದ ಅಡಾಲ್ಫ್ ಹಿರ್ಷ್, ಸೆಕೆಂಡಿನ ಸಾವಿರದ ಒಂದು ಭಾಗವನ್ನು ತೋರಿಸುವ ಹಿಪ್ ಗಡಿಯಾರವನ್ನು ಮನುಷ್ಯರ ಮುಂದಿಟ್ಟ. ಸದ್ದು ಕೇಳಿದೊಡನೆ ಗುಂಡಿ ಒತ್ತಬೇಕು. ಬೆಳಕು ಕಂಡೊಡನೆ ಗುಂಡಿ ಒತ್ತಬೇಕು. ಸದ್ದಿಗೆ ಸೆಕೆಂಡಿನ ನೂರರಲ್ಲಿ 15 ಭಾಗದಷ್ಟು, ಬೆಳಕಿಗೆ 20 ಭಾಗದಷ್ಟು ಸಮಯ ಹಿಡಿಯಿತು. ಮುಂದೆ ಆಸ್ಟ್ರಿಯಾದ ಎಕ್ಸ್‌ನರ್ 1873ರಲ್ಲಿ ಇದನ್ನು 'ಪ್ರತಿಕ್ರಿಯಾ ಕಾಲ' ಎಂದು ಕರೆದ. ಉಪಕರಣಗಳು ಎಷ್ಟು ಬದಲಾದರೂ ಹಿರ್ಷ್ ಕಂಡುಕೊಂಡ ಕ್ರಮ ಬದಲಾಗಿಲ್ಲ: ಕಣ್ಣಿಗಿಂತ ಕಿವಿ ಮುಂದು.

ಬೆಳಕು ಶಬ್ದಕ್ಕಿಂತ ಲಕ್ಷಾಂತರ ಪಟ್ಟು ವೇಗವಾಗಿ ಬರುತ್ತದಲ್ಲ, ಮತ್ತೆ ಕಿವಿ ಹೇಗೆ ಗೆಲ್ಲುತ್ತದೆ? ಗೆಲ್ಲುವುದು ದೇಹದೊಳಗೆ. ಕಿವಿಯ ಒಳಗಿನ ಕೂದಲು ಕೋಶಗಳು ಅಲುಗಿದೊಡನೆ ನರಕ್ಕೆ ಸುದ್ದಿ ಮುಟ್ಟುತ್ತದೆ. ಅದು ಬಾಗಿಲ ಚಿಲಕ ಅಲುಗಿದಂತೆ, ಯಾಂತ್ರಿಕ ಕೆಲಸ. ಕಣ್ಣಿನ ಅಕ್ಷಿಪಟಲದಲ್ಲಾದರೋ ಬೆಳಕು ಒಂದು ಸರಣಿ ರಾಸಾಯನಿಕ ಕ್ರಿಯೆಯನ್ನು ಮುಗಿಸಿಯೇ ವಿದ್ಯುತ್ ಸಂದೇಶವಾಗಬೇಕು. ಹೀಗಾಗಿ ಸದ್ದು ಸುಮಾರು 10 ಮಿಲಿಸೆಕೆಂಡಿನಲ್ಲಿ ಮಿದುಳಿನ ಹೊರಪದರ ತಲುಪಿದರೆ ದೃಶ್ಯಕ್ಕೆ ಅದರ ಎರಡರಿಂದ ನಾಲ್ಕು ಪಟ್ಟು ಹೊತ್ತು ಬೇಕು. ಮನೆಯಲ್ಲೂ ಅಳೆಯಬಹುದು. ಒಬ್ಬರು ಅಡಿಕೋಲನ್ನು ಮೇಲಿನಿಂದ ಹಿಡಿದು ಹೇಳದೆ ಬಿಡಲಿ, ಇನ್ನೊಬ್ಬರು ಕೆಳಗೆ ಬೆರಳು ತೆರೆದುಕೊಂಡು ಹಿಡಿಯಲಿ. ಕೋಲು 20 ಸೆಂಟಿಮೀಟರ್ ಜಾರಿದ್ದರೆ ಸೆಕೆಂಡಿನ ಐದನೆಯ ಒಂದು ಭಾಗ ಕಳೆದಿದೆ ಎಂದರ್ಥ. ಹತ್ತು ಸಲ ಮಾಡಿ ನೋಡಿದರೆ ಒಬ್ಬರದೇ ಫಲಿತಾಂಶ ಹೇಗೆ ಏರಿಳಿಯುತ್ತದೆ ಎಂಬುದೂ ತಿಳಿಯುತ್ತದೆ.

ಇಲ್ಲಿಯವರೆಗೆ ಪ್ರಶ್ನೆ ಒಬ್ಬ ವ್ಯಕ್ತಿಗೂ ಇನ್ನೊಬ್ಬ ವ್ಯಕ್ತಿಗೂ ಇರುವ ಅಂತರದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದೇ ಗಡಿಯಾರದ ಮುಂದೆ ಜನರನ್ನು ಗುಂಪು ಗುಂಪಾಗಿ ಕೂರಿಸುವುದು ಶುರುವಾಯಿತು. ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಗಾಲ್ಟನ್ 1884ರ ಆರೋಗ್ಯ ಪ್ರದರ್ಶನದಲ್ಲಿ ಮಾನವ ಮಾಪನದ ಮಳಿಗೆ ತೆರೆದಾಗ 9,337 ಮಂದಿ ಕಾಸು ಕೊಟ್ಟು ಮೈ ಅಳೆಸಿಕೊಂಡರು. ಬಳಿಕ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿ ಮುಂದುವರಿದ ಪ್ರಯೋಗಶಾಲೆಯಲ್ಲಿ ಎತ್ತರ, ಮುಷ್ಟಿಯ ಬಲಗಳ ಜೊತೆಗೆ ಬೆಳಕಿಗೆ, ಸದ್ದಿಗೆ ತೋರುವ ಪ್ರತಿಕ್ರಿಯೆಯನ್ನೂ ದಾಖಲಿಸಲಾಯಿತು. ಚುರುಕು ಇಂದ್ರಿಯ ಚುರುಕು ಬುದ್ಧಿಯ ಗುರುತು, ಬುದ್ಧಿ ವಂಶದಿಂದ ಬರುವಂಥದು ಎಂಬುದು ಗಾಲ್ಟನ್‌ನ ನಂಬಿಕೆಯಾಗಿತ್ತು.

ಅಮೆರಿಕದಲ್ಲಿ ಆರ್. ಮೀಡ್ ಬೇಚ್ ಎಂಬಾತ 1895ರಲ್ಲಿ ಪ್ರಕಟಿಸಿದ ಲೇಖನ ಈ ಇತಿಹಾಸದ ಅತ್ಯಂತ ವಿಚಿತ್ರ ಪುಟ. ಆತ ಹೋಲಿಸಿದ್ದು ಮೂರು ಗುಂಪುಗಳನ್ನು: 12 ಮಂದಿ ಬಿಳಿಯರು, 11 ಮಂದಿ ಅಮೆರಿಕದ ಮೂಲನಿವಾಸಿಗಳು, 11 ಮಂದಿ ಕರಿಯರು. ಒಟ್ಟು ಮೂವತ್ತನಾಲ್ಕು ಜನ. ಮೂರು ಜನಾಂಗಗಳ ಬಗ್ಗೆ ತೀರ್ಪು ಕೊಡಲು ಅಷ್ಟು ಸಾಕೆನಿಸಿತ್ತು. ಸದ್ದು, ಬೆಳಕು, ವಿದ್ಯುತ್ತಿನ ಚುರುಕು ಎಂಬ ಮೂರು ಪರೀಕ್ಷೆಗಳಲ್ಲೂ ಸರಾಸರಿಯಲ್ಲಿ ಮೂಲನಿವಾಸಿಗಳು ಮೊದಲು, ಕರಿಯರು ಎರಡನೆಯವರು, ಬಿಳಿಯರು ಕೊನೆ.

ಗಾಲ್ಟನ್‌ನ ತರ್ಕವನ್ನು ಒಪ್ಪುವುದಾದರೆ ಬಿಳಿಯರು ಮಂದಬುದ್ಧಿಯವರು ಎನ್ನಬೇಕಿತ್ತು. ಬೇಚ್ ಹಾಗೆ ಹೇಳಲಿಲ್ಲ. ಬಿಳಿಯರು ಆಲೋಚಿಸುವ ಜನ, ಆದ್ದರಿಂದಲೇ ತಡ. ಥಟ್ಟನೆ ಪ್ರತಿಕ್ರಿಯಿಸುವುದು ಕೆಳಹಂತದ, ಯಂತ್ರದಂಥ ಗುಣ. ಬುದ್ಧಿ ಬೆಳೆದಷ್ಟೂ ಅದು ತಗ್ಗುತ್ತದೆ ಎಂದು ವಿವರಿಸಿದ. ಗಡಿಯಾರ ಏನು ತೋರಿಸಿದ್ದರೂ ತೀರ್ಪು ಮಾತ್ರ ಮೊದಲೇ ಸಿದ್ಧವಾಗಿತ್ತು. ಬಿಳಿಯರು ಗೆದ್ದಿದ್ದರೆ ಚುರುಕೇ ಬುದ್ಧಿ. ಸೋತದ್ದರಿಂದ ನಿಧಾನವೇ ಬುದ್ಧಿ. ಲೇಖನ ಹೊರಬಂದದ್ದು ಹೊಸದಾಗಿ ಆರಂಭವಾಗಿದ್ದ ಮನೋವಿಜ್ಞಾನದ ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಚುರುಕಿಗೂ ಬುದ್ಧಿಗೂ ಇರುವ ನಂಟನ್ನು ನೇರವಾಗಿ ಪರೀಕ್ಷಿಸಿದವನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಲಾರ್ಕ್ ವಿಸ್ಲರ್. ಅಲ್ಲಿನ ವಿದ್ಯಾರ್ಥಿಗಳ ಪ್ರತಿಕ್ರಿಯಾ ಕಾಲವನ್ನೂ ಅವರು ಪಡೆದ ಅಂಕಗಳನ್ನೂ ಎದುರುಬದುರು ಇಟ್ಟು 1901ರಲ್ಲಿ ಲೆಕ್ಕ ಹಾಕಿದಾಗ ಸಂಬಂಧ ಹೆಚ್ಚುಕಡಿಮೆ ಸೊನ್ನೆ ಬಂತು. ಇಷ್ಟಾದರೂ ಹಳೆಯ ನಂಬಿಕೆ ಸಾಯಲಿಲ್ಲ.

'ಕಾಡುಜನರ ಇಂದ್ರಿಯಗಳು ಅಸಾಧಾರಣ ಚುರುಕು' ಎಂಬ ಮಾತು ಆ ಕಾಲದ ಪ್ರವಾಸ ಕಥನಗಳಲ್ಲಿ ಧಾರಾಳವಾಗಿತ್ತು. ಅದನ್ನು ಒರೆಗೆ ಹಚ್ಚಲು 1898ರಲ್ಲಿ ಕೇಂಬ್ರಿಜ್‌ನ ಹ್ಯಾಡನ್ ನೇತೃತ್ವದ ತಂಡವೊಂದು ಆಸ್ಟ್ರೇಲಿಯಾಕ್ಕೂ ನ್ಯೂಗಿನಿಗೂ ನಡುವಿನ ಟೊರೆಸ್ ಜಲಸಂಧಿಯ ದ್ವೀಪಗಳಿಗೆ ಉಪಕರಣಗಳನ್ನು ಹೊತ್ತುಕೊಂಡು ಹೋಯಿತು. ತಂಡದ ಚಾರ್ಲ್ಸ್ ಮೈಯರ್ಸ್ ಮರ್ರೆ ದ್ವೀಪದವರ ಪ್ರತಿಕ್ರಿಯಾ ಕಾಲವನ್ನು ಅಳೆದ. ಸದ್ದಿಗೆ ಅವರ ಪ್ರತಿಕ್ರಿಯೆ ಇಂಗ್ಲಿಷರ ಆಸುಪಾಸಿನಲ್ಲೇ ಇತ್ತು. ಕಥನಗಳಲ್ಲಿ ಬಣ್ಣಿಸಿದ ಪವಾಡ ಎಲ್ಲೂ ಕಾಣಲಿಲ್ಲ. ದೂರದ ದೋಣಿಯನ್ನು ದ್ವೀಪದವ ಮೊದಲು ಗುರುತಿಸುವುದು ನಿಜ. ಆದರೆ ಅದು ಕಣ್ಣಿನ ಯಂತ್ರದ ಹಿರಿಮೆಯಲ್ಲ, ಯಾವುದನ್ನು ನೋಡಬೇಕೆಂದು ಬಲ್ಲ ಅಭ್ಯಾಸದ ಫಲ ಎಂಬ ಅಭಿಪ್ರಾಯಕ್ಕೆ ತಂಡದ ಇನ್ನೊಬ್ಬ ಸದಸ್ಯ ರಿವರ್ಸ್ ಬಂದ. ಈತನೇ ಕೆಲವು ವರ್ಷಗಳ ನಂತರ ನೀಲಗಿರಿಗೆ ಬಂದು ತೋಡರ ದೃಷ್ಟಿ, ಬಣ್ಣದ ಅರಿವು, ವಾಸನೆ, ನೋವುಗಳನ್ನು ಪರೀಕ್ಷಿಸಿ 1905ರಲ್ಲಿ ವರದಿ ಪ್ರಕಟಿಸಿದ.

1904ರ ಸೇಂಟ್ ಲೂಯಿ ಜಾಗತಿಕ ಮೇಳದಲ್ಲಿ ನಾನಾ ದೇಶದ ಜನರನ್ನು ಪ್ರದರ್ಶನಕ್ಕಿಟ್ಟಂತೆ ಕರೆತಂದಿದ್ದರು. ಅಲ್ಲಿ ಸುಮಾರು 1,100 ಮಂದಿಯ ಇಂದ್ರಿಯಗಳನ್ನು ಪರೀಕ್ಷಿಸಿದ ರಾಬರ್ಟ್ ವುಡ್‌ವರ್ತ್ 1910ರಲ್ಲಿ ಹೇಳಿದ ಮಾತು ಇಡೀ ಚರ್ಚೆಯ ದಿಕ್ಕನ್ನೇ ಬದಲಿಸಬಹುದಿತ್ತು. ಎರಡು ಗುಂಪುಗಳ ಸರಾಸರಿಗಳ ನಡುವಿನ ಅಂತರ ಅಲ್ಪ. ಒಂದೇ ಗುಂಪಿನೊಳಗಿನ ಜನರ ನಡುವಿನ ಅಂತರ ಅದಕ್ಕಿಂತ ಬಹಳ ದೊಡ್ಡದು. ಸರಾಸರಿ ಹೇಳಿದವನು ಈ ಹರಹನ್ನು ಮುಚ್ಚಿಟ್ಟರೆ ಓದುಗ ದಾರಿ ತಪ್ಪುತ್ತಾನೆ ಎಂಬುದು ಅದರ ಸಾರ. ಷಿಕಾಗೋದ ಹೆಲೆನ್ ಥಾಂಪ್ಸನ್ 1903ರಲ್ಲಿ 25 ಗಂಡಸರು, 25 ಹೆಂಗಸರ ಪರೀಕ್ಷೆಯನ್ನು ಪ್ರಕಟಿಸಿದಾಗಲೂ ಗಂಡಸರು ತುಸು ಮುಂದಿದ್ದರು. ಬೆಳೆಸಿದ ರೀತಿಯನ್ನು ಬದಿಗಿಟ್ಟು ಇಂಥ ವ್ಯತ್ಯಾಸಗಳನ್ನೆಲ್ಲ ಹುಟ್ಟುಗುಣ ಎನ್ನುವಂತಿಲ್ಲ ಎಂದು ಆಕೆ ಆಗಲೇ ವಾದಿಸಿದ್ದರು.

ಈ ಪ್ರಯೋಗಶಾಸ್ತ್ರ ಭಾರತಕ್ಕೂ ಬಂತು. ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮ ರೂಪಿಸಿದ ಬ್ರಜೇಂದ್ರನಾಥ ಸೀಲ್ ಅವರೇ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಅವರ ಅವಧಿಯಲ್ಲಿ, 1924ರಲ್ಲಿ, ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರನ್ನು ನಾಡು ನೆನೆಯುವುದು 1935ರಲ್ಲಿ ಸ್ವಂತ ಮನೆಯಲ್ಲಿ 'ಆಕಾಶವಾಣಿ' ಶುರುಮಾಡಿದ್ದಕ್ಕೆ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಶಿಷ್ಯರಾಗಿ ಕಲಿತುಬಂದ ಮನೋವಿಜ್ಞಾನಿ ಎಂಬುದು ಅಷ್ಟಾಗಿ ನೆನಪಿಲ್ಲ. ಬೆಳಕಿಗೂ ಸದ್ದಿಗೂ ಗುಂಡಿ ಒತ್ತಿಸುವ ಪ್ರಯೋಗವನ್ನು ಮನೋವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಮಾಡುತ್ತಾರೆ.

ಒಂದೂವರೆ ಶತಮಾನದ ಅಳತೆಗಳಿಂದ ಖಚಿತವಾಗಿ ಉಳಿದಿರುವುದೇನು? ಇಪ್ಪತ್ತರ ಹರೆಯದಲ್ಲಿ ಪ್ರತಿಕ್ರಿಯೆ ಅತಿ ಚುರುಕು, ನಂತರ ವಯಸ್ಸಾದಂತೆ ಮೆಲ್ಲಗೆ ನಿಧಾನ. ಅಭ್ಯಾಸದಿಂದ ಸುಧಾರಣೆ, ನಿದ್ದೆಗೆಟ್ಟರೆ, ಕುಡಿದರೆ ಹಿನ್ನಡೆ. ಸದ್ದು ಜೋರಾದಷ್ಟೂ, ಬೆಳಕು ಪ್ರಖರವಾದಷ್ಟೂ ಬೇಗ. ಹುಟ್ಟಿನಿಂದ ಕಿವಿ ಕೇಳದ ವಯಸ್ಕರು ಕಣ್ಣಿನ ಅಂಚಿನಲ್ಲಿ ಮಿನುಗುವ ಬೆಳಕನ್ನು ಕೇಳುವವರಿಗಿಂತ ಬೇಗ ಗುರುತಿಸುತ್ತಾರೆ ಎಂದು ಹಲವು ಅಧ್ಯಯನಗಳು ತೋರಿಸಿವೆ.

ಹಳೆಯ ಚಾಳಿಯೂ ಉಳಿದಿದೆ. ಕ್ಯಾಲಿಫೋರ್ನಿಯಾದ ಆರ್ಥರ್ ಜೆನ್ಸನ್ 1980 ಮತ್ತು 90ರ ದಶಕಗಳಲ್ಲಿ ಚುರುಕು ಪ್ರತಿಕ್ರಿಯೆಯನ್ನು ಮತ್ತೆ ಬುದ್ಧಿಯ ಪಾಲಿಗೆ ಸೇರಿಸಿ, ಕಪ್ಪು ಮತ್ತು ಬಿಳಿ ಮಕ್ಕಳನ್ನು ಹೋಲಿಸಿದರು. ಬೇಚ್ ಹೇಳಿದ್ದಕ್ಕೆ ತದ್ವಿರುದ್ಧ ತರ್ಕ, ಮೇಲುಕೀಳಿನ ಕ್ರಮ ಮಾತ್ರ ಅದೇ. 2013ರಲ್ಲಿ ಕೆಲವು ಸಂಶೋಧಕರು ಗಾಲ್ಟನ್ ಕಾಲದ ಅಂಕಿಗಳನ್ನು ಈಗಿನವುಗಳೊಡನೆ ಹೋಲಿಸಿ, ವಿಕ್ಟೋರಿಯಾ ಯುಗದವರು ಹೆಚ್ಚು ಚುರುಕು, ಆದ್ದರಿಂದ ಹೆಚ್ಚು ಬುದ್ಧಿವಂತರಾಗಿದ್ದರು ಎಂದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಗಾಲ್ಟನ್‌ನ ಲೋಲಕ ಒಂದು ಬಗೆ, ಕಂಪ್ಯೂಟರಿನ ಪರದೆ ಇನ್ನೊಂದು ಬಗೆ. ಪರದೆ ಮತ್ತು ಕೀಲಿಮಣೆಯೇ ಹತ್ತಾರು ಮಿಲಿಸೆಕೆಂಡು ನುಂಗಬಲ್ಲವು ಎಂದು ಟೀಕಾಕಾರರು ತೋರಿಸಿದ್ದು ಅಷ್ಟು ಸುದ್ದಿಯಾಗಲಿಲ್ಲ.

ಉಪಕರಣ ಹೇಗೆ ಗುಂಪುಗಳ ನಡುವೆ ಅಂತರ ಹುಟ್ಟಿಸಬಲ್ಲದು ಎಂಬುದಕ್ಕೆ ಓಟದ ಮೈದಾನದಲ್ಲೊಂದು ಉದಾಹರಣೆಯಿದೆ. ಅಂತರರಾಷ್ಟ್ರೀಯ ಓಟಗಳಲ್ಲಿ ಗುಂಡಿನ ಸದ್ದಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗ ಕಳೆಯುವ ಮೊದಲೇ ಹೊರಟವರದು ತಪ್ಪು ಆರಂಭ. ಅಷ್ಟು ಬೇಗ ಮನುಷ್ಯ ಕೇಳಿ ಹೊರಡಲಾರ ಎಂಬ ಲೆಕ್ಕ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ದಾಖಲೆಗಳನ್ನು ಪರಿಶೀಲಿಸಿದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ವರದಿ ಕೊಟ್ಟರು: ಪುರುಷರಲ್ಲಿ ಸಾಧ್ಯವಾಗುವ ಅತಿ ಚುರುಕಿನ ಪ್ರತಿಕ್ರಿಯೆ 109 ಮಿಲಿಸೆಕೆಂಡು, ಮಹಿಳೆಯರಲ್ಲಿ 121. ಹೆಂಗಸರ ಕಿವಿ ಮಂದವೇ? ಸ್ಟಾರ್ಟಿಂಗ್ ಬ್ಲಾಕ್‌ನೊಳಗಿನ ಉಪಕರಣ ಕೇಳುವಿಕೆಯನ್ನು ಅಳೆಯುವುದಿಲ್ಲ. ಕಾಲಿನ ಒತ್ತಡ ನಿಗದಿತ ಮಟ್ಟ ಮುಟ್ಟಿದ ಗಳಿಗೆಯನ್ನು ಅದು ದಾಖಲಿಸುತ್ತದೆ, ಮತ್ತು ಆ ಮಟ್ಟ ಇಬ್ಬರಿಗೂ ಒಂದೇ ಆಗಿತ್ತು. ಹೆಚ್ಚು ಸ್ನಾಯುಬಲವಿರುವ ಪುರುಷರು ಅದನ್ನು ಬೇಗ ಮುಟ್ಟುತ್ತಾರೆ. ಮಹಿಳೆಯರ ಓಟಕ್ಕೆ ಆ ಒತ್ತಡದ ಮಟ್ಟವನ್ನು ಶೇಕಡ 22ರಷ್ಟು ಇಳಿಸಿದರೆ ಅಂತರ ಇಲ್ಲವಾಗುತ್ತದೆ ಎಂದು ಅವರು ಅಂದಾಜು ಮಾಡಿದ್ದಾರೆ.