ಖಂಡಸ್ಫುಟಿತ ಜೀರ್ಣೋದ್ಧಾರ

ಮಳೆಗಾಲ ಹಿಡಿಯುವ ಮುನ್ನ ಮಾಳಿಗೆಗೆ ಹೊಸ ಮಣ್ಣು ಹೊರುವುದು ಚಳ್ಳಕೆರೆ ಸೀಮೆಯ ಹಳೆಯ ವಾಡಿಕೆ. ದೊಡ್ಡಉಳ್ಳಾರ್ತಿಯಂಥ ಬಯಲುಸೀಮೆಯ ಊರುಗಳಲ್ಲಿ ಮಣ್ಣಿನ ಮಾಳಿಗೆಯೇ ಸಾಮಾನ್ಯವಾಗಿದ್ದ ಕಾಲದಲ್ಲಿ, ಮೇಲಿನ ಮಣ್ಣು ಬಿರಿದಿದೆಯೇ, ಕೆಳಗಿನ ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ನೋಡುವುದು ಮನೆಯ ಯಜಮಾನನ ವರ್ಷಾವಧಿ ಕರ್ತವ್ಯವಾಗಿತ್ತು. ಚೌಳುಮಣ್ಣು ತಂದು ಹಾಸಿ ತುಳಿದರೆ ಸೋರಿಕೆ ನಿಲ್ಲುತ್ತಿತ್ತು. ಅಲಕ್ಷಿಸಿದರೆ, ನೀರುಂಡ ಮಾಳಿಗೆಯ ಭಾರಕ್ಕೆ ಗೋಡೆಯೇ ಕುಸಿಯುತ್ತಿತ್ತು. ಮನೆ ತನ್ನದು, ಯಾರ ಅಪ್ಪಣೆಗೂ ಕಾಯಬೇಕಾಗಿರಲಿಲ್ಲ. ಆದರೆ ಕಟ್ಟಡವು ಎಲ್ಲರದ್ದಾದಾಗ ಬಿರುಕನ್ನು ಕಾಣಬೇಕಾದವರು ಯಾರು? ಕೆಲಸದವನನ್ನು ಕರೆಯಬೇಕಾದವರು ಯಾರು?

ನಮ್ಮ ಶಾಸನಗಳು ಈ ಪ್ರಶ್ನೆಯನ್ನು ಎದುರಿಸಿವೆ. ದೇಗುಲಗಳಿಗೆ ಭೂಮಿ ಬಿಟ್ಟ ದಾನಶಾಸನಗಳಲ್ಲಿ ಅಂಗಭೋಗ, ರಂಗಭೋಗ, ನೈವೇದ್ಯಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು, ಜೀರ್ಣವೆಂದರೆ ಸವೆದದ್ದು. ಶಾಸನಪಾಠ ಮಾಡುವಾಗ ನಾವು ಅಧ್ಯಾಪಕರು ಇದನ್ನು ಸವಕಲು ಮಾತೆಂದು ಅವಸರದಿಂದ ದಾಟಿಬಿಡುವುದುಂಟು. ನಿಂತು ನೋಡಿದರೆ ಅದು ವ್ಯವಹಾರಜ್ಞರ ಮಾತು. ಗುಡಿ ಇನ್ನೂ ಹೊಸದಾಗಿರುವಾಗಲೇ ಅದು ಬಿರಿಯುವ ದಿನಕ್ಕೆ ಹಣದ ಮೂಲವನ್ನು ಗೊತ್ತುಮಾಡಿದ್ದಾರೆ. ದೇವರ ದಿನದ ಅನ್ನಕ್ಕೂ ಗೋಡೆಯ ಗಾರೆಗೂ ಒಂದೇ ಹೊಲದ ಹುಟ್ಟುವಳಿ! ಕೆರೆಗಳ ವಿಷಯದಲ್ಲಿ ಏರ್ಪಾಡು ಇನ್ನೂ ಖಚಿತವಾದದ್ದು. ಕೆರೆಯನ್ನು ಕಟ್ಟಿದವನಿಗೆ, ಕಾಪಾಡುವವನಿಗೆ ಕಟ್ಟುಕೊಡಗೆಯಾಗಿ ಭೂಮಿ ಸಲ್ಲುತ್ತಿತ್ತು. ಆ ಭೂಮಿ ಅದೇ ಕೆರೆಯ ಕೆಳಗಿದ್ದರೆ, ಏರಿ ಒಡೆದಾಗ ಮೊದಲು ಹಾಳಾಗುವುದು ಅವನದೇ ಗದ್ದೆ.

ಹಾಗೆಂದು ಅದು ಸತ್ಯಯುಗವೇನಲ್ಲ. ಹಿಂದೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಹರಿಹರದ ಶಾಸನಗಳನ್ನು ನೋಡಿರಿ. 1410ರಲ್ಲಿ ಹರಿದ್ರಾ ನದಿಗೆ ಅಣೆ ಕಟ್ಟಿ ಕಾಲುವೆ ತೆಗೆದಾಗ, ದೇವಾಲಯಕ್ಕೂ ಬ್ರಾಹ್ಮಣರಿಗೂ ಯಾವ ಪಾಲು ಸಲ್ಲಬೇಕೆಂಬ ಒಪ್ಪಂದವಾಯಿತು. ಆದರೂ ಅಣೆ ಒಡೆಯಿತು. ಅದನ್ನು ಮತ್ತೆ ನಿಲ್ಲಿಸಲು ಸೇನಾಪತಿ ಚಾಮನೃಪನ ಹೊನ್ನು ಬೇಕಾಯಿತೆಂದು 1424ರ ಶಾಸನದಿಂದ ತಿಳಿಯುತ್ತದೆ. ದಿನದಿನದ ಸವೆತಕ್ಕೆ ಕೊಡಗೆ ಸಾಕು. ಹಠಾತ್ತಾಗಿ ಬಂದ ಕೇಡಿಗೆ ದೊಡ್ಡವರ ಬಾಗಿಲಿಗೇ ಹೋಗಬೇಕು. ಬಡವನ ಮಾಳಿಗೆಗಂತೂ ಯಾವ ಶಾಸನವೂ ಭೂಮಿ ಬಿಡಲಿಲ್ಲ.

ಮುಂದೆ ಮಾತುಗಳೇ ಬದಲಾದುವು. ದುರಸ್ತಿಗೆ ಪಾರಸಿಯ ಮೂಲಕ ಬಂದ ‘ಮರಾಮತ್ತು’ ಎಂಬ ಹೆಸರು ರೂಢಿಯಾಯಿತು. ಮೈಸೂರು ಸಂಸ್ಥಾನದಲ್ಲಿ ಮರಾಮತ್ತು ಇಲಾಖೆಯೇ ಇತ್ತು. ಕಬ್ಬನ್ ಕಮಿಷನರಾಗಿದ್ದಾಗ, 1856ರಲ್ಲಿ, ಲೋಕೋಪಯೋಗಿ ಇಲಾಖೆ ಬಂದಿತು. ‘ಗುತ್ತಗೆ’ ಎಂದರೆ ಶಾಸನಗಳಲ್ಲಿ ಗೊತ್ತಾದ ಗೇಣಿಗೆ ಹಿಡಿದ ಭೂಮಿ. ಆ ಮಾತು ಹೊಲದಿಂದ ಕಟ್ಟಡಕ್ಕೆ ನಡೆದು ಗುತ್ತಿಗೆದಾರನಾಯಿತು. 1955ರ ಕಾನೂನು ದೇವಸ್ಥಾನಗಳ ಇನಾಮುಗಳನ್ನು ರದ್ದುಮಾಡಿದಾಗ ಉಳುವವನಿಗೆ ನ್ಯಾಯ ದೊರಕಿತು. ಅದು ಸರಿಯೇ. ಗೋಡೆಯ ಪಾಲಿನ ಹೊಲವೂ ಅದರೊಡನೆ ಹೋಯಿತು. ಬದಲಿಗೆ ಬಂದದ್ದು ತಸ್ತೀಕು.

ಕೊಡಗೆಯವನಿಗೂ ಗುತ್ತಿಗೆದಾರನಿಗೂ ಇರುವ ಅಂತರ ಪ್ರಾಮಾಣಿಕತೆಯದಲ್ಲ, ಕಾಲದ್ದು. ಮೊದಲನೆಯವನು ಬಿರುಕಿಗೆ ಮುಂಚೆಯೇ ಅಲ್ಲಿದ್ದಾನೆ. ಎರಡನೆಯವನನ್ನು ಕರೆಯಲು ಬಿರುಕು ಕಾಣಿಸಬೇಕು, ಅಂದಾಜುಪಟ್ಟಿ ಆಗಬೇಕು, ಟೆಂಡರು ಹೊರಡಬೇಕು. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗಾಗಿ ಕರ್ನಾಟಕವು 1999ರಲ್ಲಿ ರೂಪಿಸಿದ ಅಧಿನಿಯಮದ ಉದ್ದೇಶ ಒಳ್ಳೆಯದೇ; ಬೇಕಾದವರಿಗೆ ಕೆಲಸ ಹಂಚುವುದನ್ನು ಅದು ತಡೆಯಬೇಕಾಗಿತ್ತು. ಅದರಂತೆ ಬಂದ ನಿಯಮಗಳು ಟೆಂಡರು ಸಲ್ಲಿಸಲು ಮೊದಲಿಗೆ 2 ಕೋಟಿ ರೂಪಾಯಿವರೆಗಿನ ಕೆಲಸಕ್ಕೆ ಕನಿಷ್ಠ 30 ದಿನ, ಅದಕ್ಕೆ ಮೇಲ್ಪಟ್ಟದ್ದಕ್ಕೆ 60 ದಿನ ಗೊತ್ತುಮಾಡಿದುವು. ನೈಸರ್ಗಿಕ ವಿಪತ್ತಿನಲ್ಲಿ, ಸರ್ಕಾರ ಘೋಷಿಸಿದ ತುರ್ತು ಸಂದರ್ಭದಲ್ಲಿ ವಿನಾಯಿತಿಯುಂಟು. ಆದರೆ ನೂರು ವರ್ಷದ ಕಟ್ಟಡದಲ್ಲಿ ಮಳೆಯ ನೀರು ಸದ್ದಿಲ್ಲದೆ ಇಳಿಯುತ್ತಿರುವುದನ್ನು ತುರ್ತೆಂದು ಘೋಷಿಸುವವರು ಯಾರು?

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ವೈಸರಾಯ್ ಲ್ಯಾನ್ಸ್‌ಡೌನನ ಭೇಟಿಯ ನೆನಪಿಗೆ 1892ರಲ್ಲಿ ಎದ್ದದ್ದು. ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆ, ಮೇಲೆ ಮದ್ರಾಸು ತಾರಸಿ. ಕೆಳಗಿನ ಅಂಗಡಿಸಾಲಿನಲ್ಲಿ ಹಳೆಯ ಪುಸ್ತಕಗಳನ್ನು ಅರಸುತ್ತ ಅಲೆದವರು ನಮ್ಮಲ್ಲಿ ಅನೇಕರಿದ್ದಾರೆ. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಂಗಡಿಗಳು ಮುಚ್ಚಿದುವು.

ಅನತಿದೂರದ ದೇವರಾಜ ಮಾರುಕಟ್ಟೆಯ ಕಥೆ ಇನ್ನೂ ವಿಚಿತ್ರ. ಅಲ್ಲಿ ದುರಸ್ತಿ ನಡೆಯುತ್ತಿದ್ದಾಗಲೇ, 2016ರ ಆಗಸ್ಟ್ 28ರಂದು, ಧನ್ವಂತರಿ ರಸ್ತೆಯ ಕಡೆಯ ಉತ್ತರದ ಭಾಗ ಬಿದ್ದಿತು. ಹಳೆಯ ಗೋಡೆಯ ಗುಟ್ಟು ಗಾರೆ ಕೆರೆದ ಮೇಲೆಯೇ ಹೊರಬೀಳುವುದು. ಅಂದಾಜುಪಟ್ಟಿ ಬರೆಯುವವನಿಗೆ ಅದು ಮೊದಲೇ ಕಾಣದು. ಸುಣ್ಣದ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ. ಮೇಲೆ ಸಿಮೆಂಟು ಬಳಿದರೆ ನೀರು ಒಳಗೇ ನಿಲ್ಲುತ್ತದೆ. ಆದ್ದರಿಂದ ಇಂಥ ಕೆಲಸಕ್ಕೆ ಬೇಕಾದವನು ಎಲ್ಲರಿಗಿಂತ ಕಡಮೆ ದರ ಬರೆದವನಲ್ಲ, ಸುಣ್ಣವನ್ನು ಬಲ್ಲವನು. ಅವನನ್ನು ಗೋಡೆ ನಿಂತಿರುವಾಗಲೇ ಹುಡುಕಿಟ್ಟುಕೊಂಡು, ವರ್ಷಕ್ಕೊಮ್ಮೆ ಮಾಳಿಗೆ ಹತ್ತಿಸುವ ಏರ್ಪಾಡು ಕೊಡಗೆಯ ಭೂಮಿಯಿಲ್ಲದೆಯೂ ಆಗದ್ದೇನಲ್ಲ.

ಮಾರುಕಟ್ಟೆ ಬಿದ್ದ ಮೇಲೆ ತಜ್ಞರ ಸಮಿತಿಗಳು ಬಂದುವು. ಕೆಲವರು ಉಳಿಸಿರೆಂದರು, ಕೆಲವರು ಕೆಡವಿರೆಂದರು. ವ್ಯಾಜ್ಯ ಹೈಕೋರ್ಟಿನವರೆಗೆ ಹೋಯಿತು. ಅಷ್ಟರಲ್ಲಿ ಎಷ್ಟೋ ಮಳೆಗಾಲಗಳು ಆ ತಾರಸಿಯ ಮೇಲೆ ಸುರಿದು ಹೋದುವು.