ಉಬ್ಬೆಯ ಒಲೆಗೆ ಎಷ್ಟು ಉರಿ?

ನಂಜನಗೂಡು ಕಪಿಲೆಯ ದಂಡೆಯ ಊರು. ತಿರುಮಕೂಡಲು ನರಸೀಪುರದಲ್ಲಿ ಆ ಕಪಿಲೆ ಕಾವೇರಿಯನ್ನು ಕೂಡುತ್ತದೆ. ಆದರೆ ಬಟ್ಟೆಯ ಜಿಡ್ಡು ಬಿಡಿಸಲು ಹೊಳೆಯ ನೀರೊಂದೇ ಸಾಲದು, ಬಿಸಿಯೂ ಬೇಕು. 12ನೇ ಶತಮಾನದ ಶರಣ ಮಾಚಿದೇವರ ಕಾಯಕವಾಗಿದ್ದ ಮಡಿವಾಳ ವೃತ್ತಿ ಇದಕ್ಕೆ ಕಂಡುಕೊಂಡ ಉಪಾಯವೇ ಉಬ್ಬೆ.

ಚೌಳು ಮಣ್ಣಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಂಡೆಯ ಮೇಲೆ ಪೇರಿಸಿ ಹಬೆಯಲ್ಲಿ ಬೇಯಿಸುತ್ತಿದ್ದರು. ಮಣ್ಣಿನ ಕ್ಷಾರ ಜಿಡ್ಡನ್ನು ಸಾಬೂನಾಗಿಸುತ್ತದೆ. ಬಿಸಿ ಆ ಕೆಲಸವನ್ನು ಚುರುಕುಗೊಳಿಸುತ್ತದೆ. ಎಷ್ಟೇ ಸೌದೆ ಒಟ್ಟಿದರೂ ಇಂಥ ಹಬೆ 100 ಡಿಗ್ರಿ ಸೆಲ್ಸಿಯಸ್ ದಾಟದು. ನೀರು ಬತ್ತಿದರೆ ಬಟ್ಟೆಯೇ ಸೀಯುತ್ತದೆ. ಹೀಗಾಗಿ ಆರದ ಸಣ್ಣ ಉರಿಯೇ ಲಾಭ.

ಹತ್ತಿಯ ಜಮಖಾನ ಈ ಬೇಗೆ ತಾಳುತ್ತದೆ. ಉಣ್ಣೆಯ ಕಂಬಳಿ ಕ್ಷಾರಕ್ಕೆ ಸವೆದು, ಬಿಸಿನೀರಿನಲ್ಲಿ ಉಜ್ಜಿದರೆ ಕುಗ್ಗುತ್ತದೆ; ಅದಕ್ಕೆ ತಣ್ಣೀರು, ಅಂಟುವಾಳದ ನೊರೆಯೇ ಲೇಸು.

ಇಂದು ರತ್ನಗಂಬಳಿ ತೊಳೆಯುವ ಯಂತ್ರವನ್ನು ವ್ಯಾನಿನಲ್ಲೇ ಕೂರಿಸುವುದುಂಟು. ನೀರು ಕಾಯಲು ಡೀಸೆಲ್, ಅನಿಲ ಅಥವಾ ಇಂಜಿನ್ನಿನ ಬಿಸಿ. ಅಂದು ಕತ್ತೆ ಬಟ್ಟೆಯನ್ನು ಒಲೆಯ ಬಳಿಗೆ ಹೊರುತ್ತಿತ್ತು. ಈಗ ವ್ಯಾನು ಒಲೆಯನ್ನೇ ಮನೆಬಾಗಿಲಿಗೆ ತರುತ್ತದೆ. ಯಾವ ಎಳೆಗೆ ಎಷ್ಟು ಬಿಸಿ, ಆ ಬಿಸಿಗೆ ಯಾವ ಉರುವಲು ಅಗ್ಗ ಎಂಬ ಮಡಿವಾಳರ ಲೆಕ್ಕವನ್ನು ಯಂತ್ರ ಕೊಳ್ಳುವವರೂ ಹಾಕಲೇಬೇಕು.